ಪ್ರತಿ ಜೂನ್‌ನ ಹದಿನಾಲ್ಕು ಮೈಲಿ

ನನ್ನ ಹೆಸರು ಕ್ಲೆಮೆಂಟ್ ಆಸ್ಗರ್ಬಿ. ವಯಸ್ಸು 71. ತೂಕ ಮತ್ತು ಅಳತೆ ಇಲಾಖೆಯಲ್ಲಿ 34 ವರ್ಷ ತಪಾಸಣಾಧಿಕಾರಿಯಾಗಿದ್ದು ಈಗ ನಿವೃತ್ತ. ವಾಸ: 4, ಚಾಪೆಲ್ ಬೀದಿ, ಹ್ಯಾಡರ್ಸ್‌ಲಿ ಗ್ರಾಮ, ಡರ್ಬಿಶೈರ್. ನಿನ್ನೆ ನನ್ನ ಕಾರಿಗೆ ಆದ ಅಪಘಾತ ಆಕಸ್ಮಿಕವಲ್ಲ, ಅದರ ಹಿಂದೆ ಕೈವಾಡವಿದೆ ಎಂದು ದೂರು ಕೊಡಲು ಇಂದು ಬೆಳಿಗ್ಗೆ 9-10ಕ್ಕೆ ಠಾಣೆಗೆ ಬಂದು, ಕಾನ್ಸ್‌ಟೇಬಲ್ ನವೋಮಿ ಕ್ರೂ ಅವರ ಎದುರು ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಕಾರು 1966ರ ಹಸಿರು ಬಣ್ಣದ, ನಾಲ್ಕು ಬಾಗಿಲಿನದು. 1991ರಿಂದ ನನ್ನ ಬಳಿ ಇದೆ. 2017ರ ಜೂನ್‌ವರೆಗೆ ಅದನ್ನು ವರ್ಷಕ್ಕೊಮ್ಮೆ ಯೋಗ್ಯತಾ ಪರೀಕ್ಷೆಗೆಂದು ಕ್ರಾಸ್‌ಬೆಕ್‌ನಲ್ಲಿರುವ ಎರಿಕ್ ಪಾಡ್ಮೋರ್‌ನ ಗ್ಯಾರೇಜಿಗೆ ಒಯ್ಯುತ್ತಿದ್ದೆ. ಪಾಡ್ಮೋರ್ ಅಲ್ಲಿನ ಪರೀಕ್ಷಕ, ವಯಸ್ಸು 66, ಆಗ ನನ್ನ ಸ್ನೇಹಿತ. ಆ ವರ್ಷ ಅವನು ವೈಪರಿನ ರಬ್ಬರು ಅರ್ಧ ಅಂಗುಲ ಹರಿದಿದೆ ಎಂಬ ಕಾರಣಕ್ಕೆ ನನ್ನ ಕಾರನ್ನು ನಪಾಸು ಮಾಡಿದ. ಮರುವರ್ಷ ಮೇ ತಿಂಗಳಲ್ಲಿ ಕಾಯಿದೆ ಬದಲಾಯಿತು. ನಲವತ್ತು ವರ್ಷ ದಾಟಿದ, ಮೂಲ ರೂಪ ಕೆಡಿಸದ ಕಾರುಗಳಿಗೆ ಪರೀಕ್ಷೆ ಕಡ್ಡಾಯವಲ್ಲ ಎಂದಾಯಿತು. ಅಂದಿನಿಂದ ನಾನು ಆ ಗ್ಯಾರೇಜಿನ ಹೊಸಿಲು ತುಳಿದಿಲ್ಲ. ಕಾರಿನ ಆರೈಕೆ ನಾನೇ ಮಾಡುತ್ತೇನೆ. ಪ್ರತಿ ಏಪ್ರಿಲ್‌ನಲ್ಲಿ ಕಾರಿನ ಅಡಿಗೆ ದಪ್ಪನೆಯ ಕಪ್ಪು ಮೇಣ ಬಳಿಯುತ್ತೇನೆ. ಅಡಿ ಅಷ್ಟು ಚೆನ್ನಾಗಿ ಹೊಳೆಯುವ ಕಾರು ನಮ್ಮ ಹಳೆ ಕಾರು ಸಂಘದಲ್ಲಿ ಇನ್ನೊಂದಿಲ್ಲ.

ನಾನು ಪ್ರತಿ ವರ್ಷ ಜೂನ್ ಮೊದಲ ವಾರ ಮೀನು ಹಿಡಿಯಲು ವೇಲ್ಸ್‌ಗೆ ಹೋಗುತ್ತೇನೆ. ಸಂಗಡಿಗರ ವ್ಯಾನಿನಲ್ಲಿ ಹೋಗುವುದರಿಂದ ನನ್ನ ಕಾರು ಮನೆಯಲ್ಲಿರುತ್ತದೆ. 2024ರ ಜೂನ್ 8ರಂದು ವಾಪಸು ಬಂದು ನೋಡಿದಾಗ, ಮೈಲಿ ತೋರಿಸುವ ಗಡಿಯಾರದಲ್ಲಿ ನಾನು ಪುಸ್ತಕದಲ್ಲಿ ಬರೆದಿಟ್ಟದ್ದಕ್ಕಿಂತ 14 ಮೈಲಿ ಹೆಚ್ಚಿತ್ತು. ಚಾಲಕನ ಸೀಟು ಅದರ ಹಳಿಯಲ್ಲಿ ಎರಡು ಹಲ್ಲಿನಷ್ಟು ಮುಂದೆ ಸರಿದಿತ್ತು. ನನ್ನ ಹೆಂಡತಿ ಮುರಿಯಲ್‌ಳ ಎತ್ತರ ಐದು ಅಡಿ ಒಂದು ಅಂಗುಲ. ಆ ಕಾರಿನ ಸ್ಟೀರಿಂಗ್ ಬಹಳ ಭಾರ, ತನ್ನ ಕೈಲಿ ಆಗದು ಎಂದು ಅವಳು ಮೊದಲಿನಿಂದಲೂ ಹೇಳುತ್ತಾ ಬಂದವಳು.

ನನ್ನ ಕಿವಿ ನೆಟ್ಟಗಾಯಿತು. ಹಳೆಯ ಪುಸ್ತಕಗಳನ್ನೆಲ್ಲ ತೆಗೆದೆ. ಕೋವಿಡ್‌ನಿಂದ ನಾನು ಮನೆಯಲ್ಲೇ ಉಳಿದ 2020 ಬಿಟ್ಟರೆ, 2018ರಿಂದ ಪ್ರತಿ ಜೂನ್‌ನಲ್ಲೂ ಹದಿನಾಲ್ಕು ಮೈಲಿ ಹೆಚ್ಚುವರಿ ಇತ್ತು. ನಾನೇ ತಪ್ಪು ಬರೆದಿರಬೇಕೆಂದು ಆಗೆಲ್ಲ ತಿದ್ದಿಕೊಂಡು ಸುಮ್ಮನಾಗಿದ್ದೆ. 2022ರಲ್ಲಿ ಮಾತ್ರ ಇಪ್ಪತ್ತೆಂಟು. ನಕ್ಷೆ ಹರಡಿ, ನಮ್ಮ ಮನೆಯಿಂದ ಏಳು ಮೈಲಿ ದೂರದಲ್ಲಿ ಏನೇನಿದೆ ಎಂದು ನೋಡಿದೆ. ಒಂದು ಕಲ್ಲಿನ ಗಣಿ, ಒಂದು ಪಾಳು ಗಿರಣಿ, ಪಾಡ್ಮೋರ್‌ನ ಗ್ಯಾರೇಜು. ಪಾಡ್ಮೋರ್‌ನ ಹೆಂಡತಿ 2019ರಲ್ಲಿ ತೀರಿಕೊಂಡಳು. ಮುರಿಯಲ್‌ಳನ್ನು ನಾನು ಏನೂ ಕೇಳಲಿಲ್ಲ. ಮೊದಲೇ ಕೇಳಿದರೆ ಸಾಕ್ಷಿ ಕೈಬಿಟ್ಟು ಹೋಗುತ್ತದೆ ಎಂಬುದು ನನ್ನ ನೌಕರಿಯ ಅನುಭವ. ಆದರೆ ಅಂದಿನಿಂದ ನನಗೆ ಊಟ ರುಚಿಸಿಲ್ಲ, ಇದನ್ನೂ ಬರೆದುಕೊಳ್ಳಬೇಕು.

2025ರ ಮಾರ್ಚ್ 13ರ ಗುರುವಾರ ಸಂಜೆ 7-30ಕ್ಕೆ ಪಬ್ಬಿನ ಮಹಡಿಯಲ್ಲಿ ನಮ್ಮ ಸಂಘದ ಸಭೆ ಸೇರಿತು. ವಿನಾಯಿತಿ ಇದ್ದರೂ ಸರಿಯೆ, ಆ ವರ್ಷದ ಪರೀಕ್ಷೆಯ ಚೀಟಿ ಇಲ್ಲದ ಕಾರು ಸಂಘದ ಆಗಸ್ಟ್ ಮೆರವಣಿಗೆಯಲ್ಲಿ ಬರಕೂಡದು ಎಂದು ಪಾಡ್ಮೋರ್ ಗೊತ್ತುವಳಿ ತಂದ. ನಾನು ಎದ್ದು ವಿರೋಧಿಸಿದೆ. ವರ್ಷಕ್ಕೆ ಇನ್ನೂರು ಮೈಲಿ ಓಡುವ ಕಾರು ಸವೆಯುವುದಾದರೂ ಎಲ್ಲಿ ಎಂದು ಕೇಳಿದೆ. ನನ್ನ ಕಾರು ಏಳು ವರ್ಷದಿಂದ ಪರೀಕ್ಷೆಯ ಮುಖ ನೋಡಿಲ್ಲ, ಒಂದು ಬೋಲ್ಟಾದರೂ ಸಡಿಲವಾಗಿದ್ದರೆ ಯಾರಾದರೂ ತೋರಿಸಲಿ ಎಂದೆ. ಆಗ ಪಾಡ್ಮೋರ್ ನನ್ನ ಕಡೆ ನೋಡಲಿಲ್ಲ. ಮೂಲೆಯಲ್ಲಿ ಸ್ಯಾಂಡ್‌ವಿಚ್ ಹಂಚುತ್ತಿದ್ದ ಮುರಿಯಲ್ ಕಡೆ ನೋಡಿದ. ಅವಳು ತಟ್ಟೆಯ ಕಡೆ ನೋಡಿದಳು. ಇದು ನಡೆದದ್ದು ಸುಮಾರು 8-05ಕ್ಕೆ.

ನಂತರ ಅವನು, “ಕ್ಲೆಮ್, ಅಂಗಡಿಯವ್ನ ತಕ್ಕಡಿ ಸರಿಯಾಗೇ ತೂಗ್ತಿದ್ರೂ ನೀನು ವರ್ಷಾ ವರ್ಷಾ ಹೋಗಿ ಬಗ್ಗಿ ನೋಡ್ತಿದ್ಯಲ್ಲ, ಅದ್ಯಾಕಪ್ಪಾ?” ಎಂದ. ಅಂಗಡಿಯವನಿಗೆ ಮೋಸ ಮಾಡಲು ಕಾರಣವಿದೆ, ನನಗೆ ನಾನೇ ಮೋಸ ಮಾಡಿಕೊಳ್ಳಲು ಏನು ಕಾರಣ ಎಂದು ನಾನು ಉತ್ತರಿಸಿದೆ. ಎಲ್ಲರೂ ನಕ್ಕರು. 19ಕ್ಕೆ 11 ಮತಗಳಿಂದ ಗೊತ್ತುವಳಿ ಬಿದ್ದುಹೋಯಿತು.

ಈ ವರ್ಷ ಜೂನ್‌ನಲ್ಲಿ ತಲೆ ಹೋದರೂ ಮನೆ ಬಿಟ್ಟು ಕದಲಬಾರದೆಂದು ನಿಶ್ಚಯಿಸಿ, ಮೊಣಕೈ ನೋವೆಂದು ಸುಳ್ಳು ಹೇಳಿ ವೇಲ್ಸ್‌ಗೆ ಹೋಗಲಿಲ್ಲ. ಕಾರಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಏಳು ದಿನ ಕಾದೆ. ಜೂನ್ 3ರ ಮಂಗಳವಾರ ಮುರಿಯಲ್ ಎರಡು ಸಲ, ಇಷ್ಟು ನೋವಿಗೆಲ್ಲ ಉಳಿಯಬೇಕಾಗಿಲ್ಲ, ಹೋಗಿ ಬನ್ನಿ ಎಂದಳು. ಬುಧವಾರ ಬೆಳಿಗ್ಗೆ 10-20ಕ್ಕೆ ಹಿತ್ತಲಿಗೆ ಹೋಗಿ ಆರು ನಿಮಿಷ ಫೋನಿನಲ್ಲಿ ಮಾತಾಡಿದಳು. ನಾನು ಬಚ್ಚಲಿನ ಕಿಟಕಿಯ ಹಿಂದೆ ನಿಂತಿದ್ದೆ. ಅವಳು ಮೆಲ್ಲಗೆ, “ಈ ವರ್ಷ ಆಗಲ್ಲ ಎರಿಕ್, ಇವ್ರು ಮನೇಲೇ ಇದಾರೆ” ಎಂದದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ನನಗೆ ಆದದ್ದನ್ನು ಇಲ್ಲಿ ಬರೆಸಲಾರೆ. ಅದೇ ವಾರದ ಕೊನೆಯಲ್ಲಿ ಅವಳು ಕಾರನ್ನು ಒಮ್ಮೆ ಯಾರಿಗಾದರೂ ತೋರಿಸಿದರೆ ಹೇಗೆ ಎಂದು ಕೇಳಿದಳು. ಯಾರಿಗೆ ಎಂದು ಕೇಳಿದೆ. ಅವಳು ಎದ್ದು ಪಾತ್ರೆ ತೊಳೆಯಲು ಹೋದಳು.

ಆಗಸ್ಟ್ 16ರ ಶನಿವಾರ ಸಂಜೆ 4-40ಕ್ಕೆ ನಾನು ಅಂಚೆಪೆಟ್ಟಿಗೆಯಿಂದ ಮನೆಗೆ ಬಂದಾಗ ಪಾಡ್ಮೋರ್ ನಮ್ಮ ಅಂಗಳದಲ್ಲಿ ಕಾರಿನ ಕೆಳಗೆ ಮಲಗಿದ್ದ. ಸೊಂಟದಿಂದ ಕೆಳಗಿನ ಭಾಗ ಹೊರಗಿತ್ತು. ಕೈಯಲ್ಲಿ ಟಾರ್ಚು ಮತ್ತು ಒಂದು ಸಣ್ಣ ಸ್ಕ್ರೂಡ್ರೈವರ್ ಇದ್ದವು. ಕಾಲಿಗೆ ಬೂಟಿನಿಂದ ತಟ್ಟಿ ಎಬ್ಬಿಸಿದೆ. ನನ್ನ ಅಂಗಳದಲ್ಲಿ ಏನು ಕೆಲಸ ಎಂದು ಕೇಳಿದೆ. ಅವನು ಕೈ ಒರೆಸಿಕೊಳ್ಳುತ್ತಾ, “ಆ ಹಿಂದಿನ ಬ್ರೇಕ್ ಪೈಪು ಈ ವರ್ಷ ತಡ್ಯಲ್ಲ ಕಣೋ. ನಾಳೆ ಮೆರವಣಿಗೆಗೆ ಇದನ್ನ ತರಬೇಡ” ಎಂದ. ಎಂಟು ವರ್ಷ ನೀನು ಮುಟ್ಟದ ಕಾರಿನಲ್ಲಿ, ನಾನು ಬಳಿದ ಮೇಣದ ಅಡಿಯಲ್ಲಿರುವ ಪೈಪಿನ ಸ್ಥಿತಿ ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಅವನು ಕಿಟಕಿಯ ಕಡೆ ನೋಡಿದ. ಟಾರ್ಚು ಆರಿಸಿ 4-46ಕ್ಕೆ ಹೊರಟುಹೋದ. ಕಿಟಕಿಯಲ್ಲಿ ಮುರಿಯಲ್ ನಿಂತಿದ್ದಳು.

ನಿನ್ನೆ ಆಗಸ್ಟ್ 17ರ ಭಾನುವಾರ ಬೆಳಿಗ್ಗೆ 11 ಗಂಟೆಗೆ ನಾವಿಬ್ಬರೂ ಮೆರವಣಿಗೆಗೆ ಹೊರಟೆವು. ಹಿಂದಿನ ರಾತ್ರಿ ಅವಳು ತಾನು ಬರುವುದಿಲ್ಲ ಎಂದಿದ್ದಳು. ಬೆಳಿಗ್ಗೆ ಕಾರು ಹೊರಗೆ ತೆಗೆಯುವಾಗ ಕೋಟು ಹಾಕಿಕೊಂಡು ಬಂದು ತಾನಾಗಿಯೇ ಹತ್ತಿ ಕುಳಿತಳು. ಕುಳಿತ ಗಳಿಗೆಯಿಂದ ಅವಳ ಬಲಗೈ ನಮ್ಮಿಬ್ಬರ ಸೀಟಿನ ನಡುವಿನ ಕೈಬ್ರೇಕಿನ ಮೇಲಿತ್ತು. ಕೈ ತೆಗೆ ಎಂದು ಎರಡು ಸಲ ಗದರಿದೆ. ತೆಗೆಯಲಿಲ್ಲ. ಏನೋ ಆಗುವುದು ಇವಳಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು, ಇಂದು ಬೆಳಿಗ್ಗೆ ಈ ಕೋಣೆಗೆ ಬರುವಾಗ ನನ್ನ ಮನಸ್ಸಿನಲ್ಲಿತ್ತು.

11-20ಕ್ಕೆ ಚರ್ಚಿನ ಇಳಿಜಾರಿನಲ್ಲಿ, ಗಂಟೆಗೆ 30 ಮೈಲಿ ವೇಗದಲ್ಲಿದ್ದಾಗ, ಬ್ರೇಕ್ ಒತ್ತಿದೆ. ಪಾದ ನೆಲಕ್ಕೆ ಹೋಯಿತು. ಇನ್ನೊಮ್ಮೆ ಒತ್ತಿದೆ, ಏನೂ ಇರಲಿಲ್ಲ. ಆ ಕಾಲದ ಕಾರುಗಳಲ್ಲಿ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋದಂತೆ. ಕೆಳಗೆ 110 ಗಜದಲ್ಲಿ ಸೇತುವೆ, ಸೇತುವೆಯ ಮೇಲೆ ಸಂಘದ ಸುಮಾರು ಮೂವತ್ತು ಜನ ಚಹಾ ಕುಡಿಯುತ್ತಾ ನಿಂತಿದ್ದರು. ನಾನು ಸ್ಟೀರಿಂಗ್ ಹಿಡಿದು ಕುಳಿತಿದ್ದೆ, ಬೇರೇನೂ ಮಾಡಲಿಲ್ಲ. ಮುರಿಯಲ್ ಎರಡೂ ಕೈಯಿಂದ ಕೈಬ್ರೇಕ್ ಎಳೆದಳು. ಕಾರು ಹಿಂದಿನಿಂದ ತಿರುಗಿ, ಅವಳ ಬದಿ ಚರ್ಚಿನ ಕಲ್ಲುಗೋಡೆಗೆ ಬಡಿಯಿತು. ಸೇತುವೆಗೆ ಇನ್ನು 45 ಗಜ ಉಳಿದಿತ್ತು. ನನಗೆ ಒಂದು ಗೀರೂ ಆಗಿಲ್ಲ. ಅವಳ ಕತ್ತಿನ ಬುಡದ ಮೂಳೆ ಮತ್ತು ಎರಡು ಪಕ್ಕೆಲುಬು ಮುರಿದಿವೆ.

ಮಧ್ಯಾಹ್ನ 1-15ಕ್ಕೆ ಕಾರನ್ನು ಎತ್ತುವಾಗ ಅಡಿಯಲ್ಲಿ ನೋಡಿದೆ. ಹಿಂದಿನ ಬ್ರೇಕ್ ಪೈಪು ಒಡೆದಿತ್ತು, ಪಾಡ್ಮೋರ್ ಹೇಳಿದ್ದ ಅದೇ ಪೈಪು. ಮುಂದಿನ ಚಕ್ರಗಳ ಬಳಿ ಮೇಣ ಕಿತ್ತುಬಂದ ಜಾಗದಲ್ಲಿ ಬ್ರೇಕಿನ ಎರಡು ರಬ್ಬರ್ ಕೊಳವೆಗಳು ಕಂಡವು. ಅವುಗಳ ಮೇಲೆ 2022 ಎಂದು ಅಚ್ಚಾಗಿತ್ತು. ಅವನ್ನು ನಾನು ಹಾಕಿಲ್ಲ. ನನ್ನ ಕಾರಿಗೆ ನನಗೆ ತಿಳಿಯದೆ ಯಾರೋ ವರ್ಷಗಟ್ಟಲೆ ಕೈ ಹಾಕಿದ್ದಾರೆ ಎಂಬುದು ಆಗ ಖಚಿತವಾಯಿತು. ಎರಿಕ್ ಪಾಡ್ಮೋರ್‌ನನ್ನು ಬಂಧಿಸಬೇಕು, ನನ್ನ ಹೆಂಡತಿಯನ್ನೂ ವಿಚಾರಿಸಬೇಕು ಎಂದು ಬರೆಸಿದೆ.

ಇಷ್ಟು ಬರೆದುಕೊಂಡ ಮೇಲೆ 10-35ಕ್ಕೆ ಕಾನ್ಸ್‌ಟೇಬಲ್ ಅವರು ಕಾರಿನ ಸಂಖ್ಯೆ ಕೇಳಿದರು. ಹೇಳಿದೆ. ಯಾವುದೇ ಕಾರಿನ ಪರೀಕ್ಷೆಯ ಚರಿತ್ರೆಯನ್ನು ಯಾರು ಬೇಕಾದರೂ ನೋಡಬಹುದು ಎಂದು ಹೇಳಿ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿದರು. ವಿನಾಯಿತಿ ಪಡೆದ ಕಾರಿಗೆ ಚರಿತ್ರೆ ಎಲ್ಲಿಂದ ಬರಬೇಕು ಎಂದು ನಾನು ಹೇಳುತ್ತಿದ್ದಾಗ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

2018, ಜೂನ್ 5, ಪಾಸು. 2019, ಪಾಸು. 2021, ಪಾಸು. 2022, ಜೂನ್ 7, ನಪಾಸು: ಮುಂದಿನ ಬ್ರೇಕ್ ಕೊಳವೆಗಳು ಬಿರುಕು ಬಿಟ್ಟಿವೆ. 2022, ಜೂನ್ 10, ಪಾಸು. 2023, ಪಾಸು. 2024, ಜೂನ್ 4, ಪಾಸು: ಕೈಬ್ರೇಕ್ ಬಿಗಿಗೊಳಿಸಲಾಗಿದೆ, ಹಿಂದಿನ ಬ್ರೇಕ್ ಪೈಪು ತುಕ್ಕು ಹಿಡಿಯುತ್ತಿದೆ, ಮುಂದಿನ ವರ್ಷ ಬದಲಿಸಬೇಕು. 2025ರ ಸಾಲು ಇರಲಿಲ್ಲ. ಎಲ್ಲ ಪರೀಕ್ಷೆಯೂ ಕ್ರಾಸ್‌ಬೆಕ್‌ನಲ್ಲಿ ನಡೆದಿತ್ತು.

ಆ ಸಾಲುಗಳನ್ನು ಎಷ್ಟು ಸಲ ಓದಿದೆ ಎಂದು ತಿಳಿಯದು. ಗಡಿಯಾರ ನೋಡಲಿಲ್ಲ. ಕಾನ್ಸ್‌ಟೇಬಲ್ ಅವರು ನೀರು ತಂದುಕೊಟ್ಟು, ನಿಮಗಿದ್ದ ವಿನಾಯಿತಿ ಪರೀಕ್ಷೆಯಿಂದ ಮಾತ್ರ, ಕಾರು ಸರಿಯಾಗಿರಬೇಕು ಎಂಬುದರಿಂದ ಯಾರಿಗೂ ವಿನಾಯಿತಿ ಇಲ್ಲ ಎಂದು ಮೃದುವಾಗಿಯೇ ಹೇಳಿದರು. ನನ್ನ ಮೇಲೆ ಮೊಕದ್ದಮೆ ಆಗಬಹುದು ಎಂದೂ ತಿಳಿಸಿದರು. ಆಗಲಿ ಎಂದೆ.

10-52ಕ್ಕೆ ಅವರ ಅನುಮತಿ ಪಡೆದು ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸು ಮುರಿಯಲ್‌ಗೆ ಕೊಟ್ಟರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸಭೆಯಲ್ಲಿ ಅಷ್ಟು ಜನರ ಮುಂದೆ ಎದೆ ತಟ್ಟಿಕೊಂಡು ನಿಂತ ಮನುಷ್ಯನಿಗೆ ಹೇಗೆ ಹೇಳಲಿ ಎಂದಳು. ಯಾರಿಗೂ ಬಾಯಿ ಬಿಡಬೇಡ ಎಂದು ಎರಿಕ್ ಕೈಲಿ ಮಾತು ತೆಗೆದುಕೊಂಡಿದ್ದವಳೂ ಅವಳೇ. ಪೈಪಿನ ವಿಷಯ ಗೊತ್ತಿದ್ದೂ ನಿನ್ನೆ ಯಾಕೆ ಕಾರು ಹತ್ತಿದೆ ಎಂದು ಕೇಳಿದೆ. “ಬೇಡ ಅಂದ್ರೆ ನೀವು ನಿಲ್ತಿರ್ಲಿಲ್ಲ. ಕೈಬ್ರೇಕ್ ಹಿಡಿಯೋಕೆ ಪಕ್ಕದಲ್ಲಿ ಒಬ್ರಾದ್ರೂ ಇರ್ಲಿ ಅಂತ” ಎಂದಳು. ಮಾತಾಡಿದರೆ ಪಕ್ಕೆ ನೋಯುತ್ತದೆ ಎಂದು ಫೋನ್ ಇಟ್ಟಳು.

ಎರಿಕ್ ಪಾಡ್ಮೋರ್ ವಿರುದ್ಧದ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನನ್ನ ಹೆಂಡತಿಯನ್ನು ಯಾರೂ ಏನೂ ಕೇಳುವ ಅಗತ್ಯವಿಲ್ಲ. ಜೂನ್ ಮೊದಲ ವಾರ ಕಾರಿನ ಕೀಲಿ ಜೇಬಿನಲ್ಲಿಟ್ಟುಕೊಂಡು ಆ ಕಾರನ್ನು ಪರೀಕ್ಷೆಗೆ ಹೋಗದಂತೆ ತಡೆದವನು ನಾನು. ಹಿಂದಿನ ಪುಟಗಳನ್ನು ಹರಿದು ಹೊಸದಾಗಿ ಬರೆಯೋಣವೇ ಎಂದು ಕಾನ್ಸ್‌ಟೇಬಲ್ ಅವರು ಕೇಳಿದರು. ಬೇಡ, ಹಾಗೆ ಅನುಮಾನಪಟ್ಟದ್ದೂ ನಡೆದದ್ದೇ, ಇರಲಿ ಎಂದೆ.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ. ಇದರಲ್ಲಿರುವ ಸಮಯ, ದೂರ, ಅಂಕಿಗಳೆಲ್ಲ ಸರಿಯಾಗಿವೆ. ಅವುಗಳಿಂದ ನಾನು ತೆಗೆದ ಅರ್ಥ ಮಾತ್ರ ತಪ್ಪು. ಇದು ನಾನು ಒಪ್ಪಿ, ಯಾರ ಒತ್ತಾಯವೂ ಇಲ್ಲದೆ ಕೊಟ್ಟ ಸತ್ಯವಾದ ಹೇಳಿಕೆ.

ಸ್ಥಳ: ಹ್ಯಾಡರ್ಸ್‌ಲಿ ಪೊಲೀಸ್ ಠಾಣೆ
ದಿನಾಂಕ: 18 ಆಗಸ್ಟ್ 2025, ಬೆಳಿಗ್ಗೆ 11-25
ಸಹಿ: ಕ್ಲೆಮೆಂಟ್ ಆಸ್ಗರ್ಬಿ
ನನ್ನ ಸಮಕ್ಷಮ: ನವೋಮಿ ಕ್ರೂ, ಕಾನ್ಸ್‌ಟೇಬಲ್