ಮನೆ ಸೇರದ ಹಾಡಿಗೆ ರೋಮನ್ ಅಂಕಿ

ಇಲ್ಲ ಕಣೇ, ಇಲ್ಲ! ಬದಲಾಯಿಸಲ್ಲ ಅಂದ್ರೆ ಬದಲಾಯಿಸಲ್ಲ. ಸಂಜೆ ಮಕ್ಕಳ ಹಾಡಿನ ಪುಸ್ತಕ ಪ್ರೆಸ್ಸಿಗೆ ಹೋಗುತ್ತೆ, ನಿನ್ನ ಗಂಡನ ಹಾಡು ಅದರಲ್ಲಿ ಇರಲ್ಲ. ಮುಗೀತು... ಏನು? ನೆಲ ನೋಡ್ಕೊಂಡು ಗೊಣಗಬೇಡ. ಚಿಕ್ಕಂದಿನಿಂದ ನಿಂದು ಇದೇ ಚಾಳಿ, ಮಾತೆಲ್ಲ ಕಾಲ್ಬೆರಳಿಗೆ ಹೇಳ್ತೀಯ. ಬಾ, ಈ ಕಿಟಕಿ ಪಕ್ಕದ ಕುರ್ಚಿಗೆ ಬಾ. ಮುಖ ಈ ಕಡೆ ಮಾಡು. ಹಾಂ. ಈಗ ಹೇಳು, ಅದೇನು ಅಂಥ ದೊಡ್ಡ ಮಾತು.

ಹಾಡನ್ನ ಕೇಳಿದ್ಯಾ ಅಂತಾನಾ? ನನ್ನ? ಅಯ್ಯೋ ದೇವರೇ! ಅಡುಗೆಯವನನ್ನ ಕರೆದು ಉಪ್ಪು ನೋಡಿದ್ಯಾ ಅಂತ ಕೇಳಿದ ಹಾಗಾಯ್ತು. ಈ ಸಂಗೀತ ಶಾಲೆಯಲ್ಲಿ ಹಾರ್ಮನಿ ಪಾಠ ಹೇಳಿ ಹೇಳಿ ತಲೆ ನರೆತಿದೆ, ನನ್ನ ತಂಗಿ ಬಂದು ಕೇಳ್ತಾಳೆ, ಅಕ್ಕಾ ಕೇಳಿದ್ಯಾ ಅಂತ! ಕೇಳಿದ್ದೀನಿ. ಹತ್ತು ಸಲ ಕೇಳಿದ್ದೀನಿ. ಕಿವಿ ತೂತಾಗೋವಷ್ಟು ಕೇಳಿದ್ದೀನಿ. ಸಾಕಾ?

ಗರಗಸ ಕಳಿಸಿದನಾ ನಿನ್ನ? ಯಾಕೆ ಹುಬ್ಬು ಗಂಟಿಕ್ತೀಯ? ಇಡೀ ಶಾಲೆ ಅವನನ್ನ ಹಾಗೇ ಕರೆಯುತ್ತೆ. ಮೊಣಕಾಲ ಮಧ್ಯ ಆ ದೊಡ್ಡ ಪಿಟೀಲು ನಿಲ್ಲಿಸ್ಕೊಂಡು ಬೆಳಗಿಂದ ಸಂಜೆವರೆಗೆ ಕುಯ್ಯೋನನ್ನ ಇನ್ನೇನು ಕೋಗಿಲೆ ಅನ್ನಬೇಕಾ? ಸೆಲ್ಲೋ ಅಂತೆ, ಸೆಲ್ಲೋ! ಹಾಂ, ಒಂದು ಒಳ್ಳೇ ಕೆಲಸ ಮಾಡಿದ್ದಾನೆ, ಅದನ್ನ ಒಪ್ಕೋತೀನಿ. ಈ ಹಾಡಿನಲ್ಲಿ ಗರಗಸ ಹಾಕಿಲ್ಲ. ಬರೀ ಪಿಯಾನೋ. ಕಲಿಯೋ ಮಕ್ಕಳ ಪುಣ್ಯ.

...ಏನು ಹಾಗೆ ನೋಡ್ತೀಯ? ತಮಾಷೆನೂ ಮಾಡಬಾರದಾ ನಿನ್ನ ಯಜಮಾನರ ಮೇಲೆ?

ಸರಿ, ಕುರ್ಚಿ ಎಳ್ಕೋ. ಸ್ಕ್ರೀನ್ ನೋಡು. ನಾನು ಸುಮ್ಮಸುಮ್ಮನೆ ಕಲ್ಲು ಹಾಕಿಲ್ಲ ಅಂತ ನಿನಗೂ ಗೊತ್ತಾಗ್ಲಿ. ಇಲ್ಲಿ, ಸ್ವರದ ಮೇಲೆ ಒತ್ತಬೇಕು. ಕೆಳಗೆ ಪುಟ್ಟ ಪೆಟ್ಟಿಗೆ ತೆರೆಯುತ್ತೆ. ಅದರಲ್ಲಿ ರೋಮನ್ ಅಂಕಿ ಟೈಪ್ ಮಾಡಬೇಕು. ಸ್ಪೇಸ್ ಒತ್ತಿದ್ರೆ ಮುಂದಿನ ಸ್ವರಕ್ಕೆ ಹಾರುತ್ತೆ. ಮತ್ತೆ ಅಂಕಿ, ಮತ್ತೆ ಸ್ಪೇಸ್. ಪುಸ್ತಕದ ಪ್ರತಿ ಹಾಡಿಗೂ ಹೀಗೆ, ಒಂದೊಂದು ಕಾರ್ಡಿನ ಕೆಳಗೂ, ಅಂದ್ರೆ ಒಟ್ಟಿಗೆ ನುಡಿಯೋ ಸ್ವರಗಳ ಗೊಂಚಲಿನ ಕೆಳಗೂ, ಅದು ಯಾವ ಕಾರ್ಡು ಅಂತ ಅಂಕಿ. ಗುಮಾಸ್ತೆ ಕೆಲಸ ಅಂತ ಸ್ಟಾಫ್ ರೂಮಲ್ಲಿ ಎಲ್ಲರೂ ಮೂಗು ಮುರೀತಾರೆ. ಮುರೀಲಿ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಒಂದು ಅಂದ್ರೆ ಮನೆ. ಮಕ್ಕಳಿಗೆ ಹಾಗೇ ಹೇಳ್ಕೊಡೋದು ನಾನು. ನಾಲ್ಕು ಅಂದ್ರೆ ಮನೆ ಬಿಟ್ಟು ಬೀದಿಗೆ ಬಂದ ಹಾಗೆ. ಐದು ಅಂದ್ರೆ ತಿರುಗಿ ಬಂದು ಬಾಗಿಲು ತಟ್ಟಿದ ಹಾಗೆ. ತಟ್ಟಿದ ಮೇಲೆ ಒಳಗೆ ಹೋಗ್ಲೇಬೇಕಲ್ಲ, ಮತ್ತೆ ಒಂದು. ದೊಡ್ಡ ಅಕ್ಷರದಲ್ಲಿ ಬರೆದ್ರೆ ನಗುಮುಖದ ಕಾರ್ಡು, ಚಿಕ್ಕ ಅಕ್ಷರದಲ್ಲಿ ಬರೆದ್ರೆ ಅಳುಮುಖದ್ದು. ಇಷ್ಟೇ ವಿದ್ಯೆ.

ಈಗ ನಿನ್ನ ಗಂಡನ ಪ್ರತಾಪ ನೋಡು. ಶುರು ಯಾವುದರಿಂದ? ಮೂರು. ಚಿಕ್ಕಕ್ಷರ. ಆಮೇಲೆ? ಆರು. ಚಿಕ್ಕಕ್ಷರ. ಆಮೇಲೆ ಏಳು. ಅದೂ ಚಿಕ್ಕಕ್ಷರ, ತಲೆ ಮೇಲೆ ಒಂದು ಸೊನ್ನೆ ಬೇರೆ, ಅಂದ್ರೆ ಮುದುಡಿಕೊಂಡಿರೋ ಕಾರ್ಡು. ಮತ್ತೆ ಮೂರು. ಪುಟ ಪೂರ್ತಿ ಅತ್ತು ಕರೆದು ಮುಗಿಸಿದ್ದಾನೆ ಮಹಾರಾಯ! ಒಂದು ಎಲ್ಲಿದೆ? ಹುಡುಕು, ನೀನೇ ಹುಡುಕು. ಇಲ್ಲ! ಇದು ಜೋಗುಳ ಅಂತೆ. ಯಾವ ಮಗು ಮಲಗುತ್ತೆ ಇದಕ್ಕೆ? ತಳಾನೇ ಇಲ್ಲ. ಬೀದೀಲಿ ಹುಟ್ಟಿ ಬೀದೀಲೇ ಅಲೆದು ಬೀದೀಲೇ ನಿಂತಿದೆ. ಪ್ರಿನ್ಸಿಪಾಲ್‌ಗೂ ಅದನ್ನೇ ಹೇಳಿದೆ. ಇದು ಮನೆ ಸೇರದ ಹಾಡು, ಮಕ್ಕಳ ಕಿವಿ ಕೆಡುತ್ತೆ, ತೆಗೀರಿ ಅಂತ. ಕಿವಿ ವಿಷಯದಲ್ಲಿ ನಿಮ್ಮ ಮಾತೇ ಕೊನೇ ಮಾತು ಅಂದ್ರು ಅವರು.

ಏನಂದೆ?... ಆವತ್ತಿಂದ ಅವನು ಸೆಲ್ಲೋ ಪೆಟ್ಟಿಗೇನೇ ತೆರೆದಿಲ್ವಾ? ಹೋಗ್ಲಿ ಬಿಡು, ಅಕ್ಕಪಕ್ಕದ ಮನೆಯವರು ನೆಮ್ಮದಿಯಾಗಿ ಉಸಿರಾಡ್ತಿರಬೇಕು.

ಅಳ್ತೀಯಾ? ಅಳಬೇಡ. ಬರೆಯೋಕೆ ಬರದವರ ಹಣೆಬರಹ ಇಷ್ಟೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನಿಗೆ ಬರೆಯೋಕೆ ಬಾರದೇ ಇದ್ರೆ ಅಂಕಿ ಹಾಕಿದವಳು ಕೆಟ್ಟವಳು!... ಏನು, ಹೊಟ್ಟೆಕಿಚ್ಚಾ? ನನಗಾ? ಹಾಗಂದನಾ ಅವನು? ನೀನೂ ಹಾಗೇ ಅಂದ್ಕೊಂಡ್ಯಾ? ಅಂದ್ಕೋ. ಅಂದ್ಕೋ ಮಾರಾಯ್ತಿ, ಬೇಜಾರಿಲ್ಲ.

ಆದ್ರೆ ಕೇಳದೆ ಅಂಕಿ ಹಾಕಿದ್ಳು ಅಂತ ಮಾತ್ರ ಯಾರೂ ಅನ್ನಕೂಡದು. ಯಾರು ಹೇಳಿದ್ದು? ಲೈಬ್ರರಿಯವಳಾ? ಅವಳ ಕಥೆ ಗೊತ್ತಾ ನಿನಗೆ? ಅಂಕಿ ಹಾಕೋ ಆ ಪುಟ್ಟ ಪೆಟ್ಟಿಗೆ ಮುಚ್ಚಿರುವಾಗ ಸ್ಪೇಸ್ ಒತ್ತಿದ್ರೆ ಹಾರೋದಿಲ್ಲ, ಹಾಡೇ ಶುರುವಾಗಿಬಿಡುತ್ತೆ, ಅದೇ ಕೀ. ಮೊನ್ನೆ ನಾನು ಇಲ್ಲಿ ಕೂತು ಮಕ್ಕಳ ಹಾಳೆ ತಿದ್ದುತಾ ಇದ್ದೀನಿ, ತಲೆ ಎತ್ತಿ ನೋಡಿದ್ರೆ ಮೇಜಿನ ಮುಂದೆ ಇವಳು, ಎರಡೂ ಕಿವಿ ಮುಚ್ಕೊಂಡು! "ಮೇಡಂ, ಊಟ ಆದಾಗಿಂದ ಒಂದೇ ಹಾಡು ತಿರುಗಿ ತಿರುಗಿ ಬಡ್ಕೋತಿದೆ, ನಿಲ್ಲಿಸ್ತೀರಾ" ಅಂತ. ಬೇಕು ಅಂತಲೇ ಹಾಕಿದ್ದೀನಿ ಅಂದೆ. ಮತ್ತಿನ್ನೇನು? ಸಂಗೀತ ಶಾಲೆಯಲ್ಲಿ ಸಂಗೀತ ಕೇಳಿದ್ರೆ ತಲೆನೋವು ಬರುತ್ತಂತೆ ಅವಳಿಗೆ!

ಅದಕ್ಕೂ ಇದಕ್ಕೂ ಏನು ಸಂಬಂಧ? ಮಕ್ಕಳ ಕಿವಿ ಪರೀಕ್ಷೆನ ನಾನು ನಿಲ್ಲಿಸಿಲ್ಲಮ್ಮ, ಬದಲಾಯಿಸಿದ್ದೀನಿ. ಮೊದಲು ಮಕ್ಕಳು ಹಾಡಿ ತೋರಿಸ್ತಿದ್ರು, ಈಗ ಬರೆದು ತೋರಿಸ್ತಾರೆ. ಶಿಸ್ತು ಬರುತ್ತೆ. ನಾನು ಪಿಯಾನೋ ಮುಂದೆ ಕೂತು ನುಡಿಸೋದು, ಅವು ಬಾಯಿ ಬಿಟ್ಕೊಂಡು ನೋಡೋದು... ಕೋಣನ ಮುಂದೆ ಕಿನ್ನರಿ! ಸಾಕಾಗಿ ಹೋಗಿತ್ತು.

ನುಡಿಸು ಅಂತೀಯಾ? ಈಗಲೇ? ನುಡಿಸು, ಧಾರಾಳವಾಗಿ. ನಿನ್ನ ಕೈಯಾರೆ ಒತ್ತು. ಸ್ಪೀಕರ್ ಅಲ್ಲೇ ಇದೆ.

ಹೊರಟಿತು ನೋಡು ಸ್ಕ್ರೀನ್ ಮೇಲೆ ನೀಲಿ ಗೆರೆ, ನುಡಿಯೋ ಸ್ವರ ತೋರಿಸ್ಕೊಂಡು. ಮೂರು... ಕೇಳಿಸ್ತಾ? ಹೇಗೆ ಅಳ್ತಿದೆ ನೋಡು. ಆರು... ಏಳು, ಅಬ್ಬಬ್ಬಾ, ಹಲ್ಲುನೋವು ಬಂದವರ ಹಾಗೆ... ಮತ್ತೆ ಮೂರು. ಸೇರ್ತಾ ಮನೆ? ಸೇರಲಿಲ್ಲ.

ಇನ್ನೊಂದು ಸಲನಾ? ಹಾಕು. ನೂರು ಸಲ ಹಾಕು. ಓಹೋ, ಗುಂಡಿ ತಿರುಗಿಸ್ತೀಯಾ? ಜೋರು ಮಾಡಿದ್ರೆ ಸುಳ್ಳು ನಿಜ ಆಗಲ್ಲ ಕಣೇ! ಇನ್ನೂ ಜೋರಾ? ಮಾಡು. ಮೇಜು ಅಲ್ಲಾಡಿಸಬೇಡ, ಲೋಟದ ನೀರು ನಡುಗ್ತಿದೆ... ಕೈ ಇಟ್ಟಿಲ್ವಾ ನೀನು? ಸರಿ, ಯಾರೋ ಓಡಾಡ್ತಿರಬೇಕು ಮೇಲೆ. ಮೂರು, ಆರು... ಆದ್ರೂ ಹೇಳ್ತೀನಿ, ಆ ಗರಗಸದ ಗೊರಗೊರ ಇಲ್ಲದೆ ಕಿವಿಗೆ ಎಷ್ಟು ಹಗುರಾಗಿದೆ ನೋಡು! ಅಷ್ಟರಮಟ್ಟಿಗೆ ನಿನ್ನ ಗಂಡನಿಗೆ...

ಏನಾಯ್ತು? ಯಾಕೆ ಬಿಳಿಚಿಕೊಂಡೆ? ನಾನೇನು ಅಂದೆ ಈಗ?

ಏನ್ ಮಾಡ್ತಿದ್ದೀಯ, ಮೌಸ್ ಬಿಡು! ಸಂಜೆ ಪ್ರೆಸ್ಸಿಗೆ ಹೋಗೋ ಹಾಡೆಲ್ಲ ಇರೋದು ಇದರಲ್ಲೇ, ಏನಾದ್ರೂ ಅಳಿಸಿಬಿಟ್ಟೀಯ... ಅದ್ಯಾವ ಮೆನು... ಇದೇನಿದು? ಪಿಯಾನೋದ ಎರಡು ಸಾಲಿನ ಕೆಳಗೆ ಈ ಮೂರನೇ ಸಾಲು ಎಲ್ಲಿಂದ ಬಂತು? ಇದು ನನ್ನ ಫೈಲಲ್ಲಿ ಇರ್ಲಿಲ್ಲ. ಸೆಲ್ಲೋ ಅಂತ ಬರೆದಿದೆ... ಬಚ್ಚಿಟ್ಟಿದ್ನಾ ಅವನು? ಯಾಕೆ? ನಿಧಾನಕ್ಕೆ ಹೇಳು, ನಿಧಾನಕ್ಕೆ... ಮಕ್ಕಳ ಪುಟದಲ್ಲಿ ಮಕ್ಕಳು ನುಡಿಸೋ ಸಾಲು ಮಾತ್ರ ಕಾಣ್ಲಿ, ಮೇಷ್ಟ್ರ ಸೆಲ್ಲೋ ಸಾಲು ಕಂಡ್ರೆ ಗಾಬರಿ ಆಗ್ತಾರೆ ಅಂತ. ಹೂಂ. ಇರಬಹುದು. ಹಾಗೆ ಮಾಡ್ತಾರೆ. ಆದ್ರೆ ಒಂದು ಮಾತು ಹೇಳಬೇಕೋ ಬೇಡವೋ? ಕಾಣದೇ ಇರೋದಕ್ಕೆ ನಾನು ಅಂಕಿ ಹಾಕೋದು ಹೇಗೆ?

ತಡಿ. ತಡಿ... ಮೂರರ ಅಡಿಗೆ ಅವನು ಮನೆಯ ಸ್ವರ ಸಿ ಹಾಕಿದ್ದಾನೆ, ತಳ ಬದಲಾದ್ರೆ ಕಾರ್ಡೇ ಬದಲು. ಹಾಗಾದ್ರೆ ಅದು ಮೂರಲ್ಲ... ಒಂದು. ಆರರ ಅಡಿಗೆ ಎಫ್. ನಾಲ್ಕು. ಏಳರ ಅಡಿಗೆ ಜಿ, ಐದು. ಮತ್ತೆ ಸಿ. ಒಂದು, ನಾಲ್ಕು, ಐದು, ಒಂದು... ಮೊದಲ ಸ್ವರದಿಂದಲೇ ಮನೇಲಿದೆ. ಹೊರಗೆ ಹೋಗುತ್ತೆ, ಬಾಗಿಲು ತಟ್ಟುತ್ತೆ, ಒಳಗೆ ಬರುತ್ತೆ. ಎಲ್ಲ ದೊಡ್ಡಕ್ಷರ! ಎಷ್ಟು ಚೆನ್ನಾಗಿ... ಎಷ್ಟು ಚೆನ್ನಾಗಿ ಬರೆದಿದ್ದಾನೆ ಕಣೇ. ಮಗು ಮಲಗುತ್ತೆ ಇದಕ್ಕೆ.

ಗೊತ್ತು. ಗೊತ್ತು ನನಗೆ, ನೀನು ಹೇಳಬೇಕಾಗಿಲ್ಲ. ಬಚ್ಚಿಟ್ಟ ಸಾಲು ಕಾಣೋದಿಲ್ಲ ಅಷ್ಟೇ. ನುಡಿಯುತ್ತೆ.

...ಈಗ, ನೀನು ಎರಡು ಸಲ ಹಾಕಿದೆಯಲ್ಲ. ಆಗಲೂ ನುಡೀತಿತ್ತಾ?

ಹೇಳು. ನುಡೀತಿತ್ತಾ ಇಲ್ವಾ? ಈ ಸ್ಪೀಕರ್ ಹಳೇದು ಕಣೇ, ಕೆಳಗಿನ ಸ್ವರ ಸರಿಯಾಗಿ ಹಿಡಿಯೋದೇ ಇಲ್ಲ. ಮತ್ತೆ ನಾನು ಮಾತಾಡ್ತಾನೂ ಇದ್ದೆ, ಗಮನ ಇರ್ಲಿಲ್ಲ... ಹಾಗೆ ನೋಡಬೇಡ. ಬೈ, ಬೇಕಾದ್ರೆ ಬೈ. ನಗು! ಕೋಣನ ಮುಂದೆ ಕಿನ್ನರಿ ಅಂತ ನಾನೇ ಅಂದೆನಲ್ಲ, ನಗು ಮತ್ತೆ! ಹಾಗೆ ಮಾತ್ರ ನೋಡಬೇಡ.

ಕೂತ್ಕೋ. ಬಾಗಿಲ ಕಡೆ ಹೋಗಬೇಡ, ನನ್ನ ಮಾತು ಕೇಳು. ಹಾಡು ಪುಸ್ತಕದಲ್ಲಿ ಇರುತ್ತೆ. ಈಗಲೇ, ನಿನ್ನ ಕಣ್ಣೆದುರಿಗೇ ಅಂಕಿ ಬದಲಾಯಿಸ್ತೀನಿ, ನೋಡ್ತಿರು. ದೊಡ್ಡ ಒಂದು. ಸ್ಪೇಸ್. ದೊಡ್ಡ ನಾಲ್ಕು... ಪ್ರಿನ್ಸಿಪಾಲ್ ಹತ್ರ ನಾನೇ ಹೋಗಿ ಹೇಳ್ತೀನಿ ಹಾಡು ಬೇಕು ಅಂತ. ಆದ್ರೆ ನೀನು ಮನೆಗೆ ಹೋಗಿ ನಿನ್ನ ಗಂಡನಿಗೆ ಹೇಳು, ಅಕ್ಕ ಹೊಟ್ಟೆಕಿಚ್ಚಿಗೆ ಮಾಡಿದ್ಳು ಅಂತ. ನೀವಂದದ್ದೇ ನಿಜ, ಅವಳ ಮನಸ್ಸು ಕೆಟ್ಟದ್ದು ಅಂತ ಹೇಳು. ಇಲ್ಲಿ ಯಾರು ಕೇಳಿದ್ರೂ ಅದನ್ನೇ ಹೇಳು. ಕೈ ಮುಗೀತೀನಿ. ಕೆಟ್ಟವಳಾದ್ರೆ ಪಾಠ ಹೇಳೋಕೆ ಬಿಡ್ತಾರೆ ಕಣೇ...

ಏನಂದೆ? ಆಗಲಿ ಅಂದ್ಯಾ? ...ಇಲ್ಲ ಅಂದ್ಯಾ?

ಮುಖದಿಂದ ಕೈ ತೆಗಿಯೇ. ನಿನ್ನ ತುಟಿ ಕಾಣಿಸ್ತಿಲ್ಲ ನನಗೆ.