ನಾಲ್ಕನೇ ಕ್ಯಾಮೆರಾದಲ್ಲಿ ಮಫ್ಲರ್ ಮಾಮ

ದೀಪ ಇರಲಿ ಬಿಡಿ, ಆರಿಸಬೇಡಿ. ಇದು ನನ್ನ ದೊಡ್ಡಮ್ಮನ ಮಗನಿಗೆ ಆಗಿದ್ದು. ಅಣ್ಣ ಅಂತ ಕರೀತೀನಿ. ಹಾಗಂತ ಅವನ ಪರ ವಹಿಸ್ತೀನಿ ಅಂದ್ಕೋಬೇಡಿ. ಅವನು ಮಾಡಿದ್ದು ನೀಚ ಕೆಲಸ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಅವತ್ತು ಅವನ ಕಂಪನಿಯ ಸಭಾಂಗಣದಲ್ಲಿ ಕೆಲಸ ಮುಗಿಯೋ ಹೊತ್ತಿಗೆ ರಾತ್ರಿ ಹನ್ನೊಂದೂವರೆ. ಮಾರನೇ ದಿನದ ಸಭೆಗೆ ಎರಡು ಪ್ರೊಜೆಕ್ಟರನ್ನೂ ಹೊಂದಿಸಿಟ್ಟು, ಹಿಂದಿನ ಗೇಟಿಂದ ನಡ್ಕೊಂಡು ಹೊರಟ. ಅಲ್ಲೊಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಬಾವಿ ಹತ್ರ ಬಂದಾಗ ನೋಡ್ಕೋತಾನೆ... ಕುತ್ತಿಗೆಯಲ್ಲಿ ಹೆಡ್‌ಸೆಟ್ ಹಾಗೇ ನೇತಾಡ್ತಿದೆ. ಅದರ ಬ್ಯಾಟರಿ ಡಬ್ಬಿ ಮೇಜಿನ ಮೇಲೇ ಉಳಿದಿದೆ. ವೈರಿನ ತುದಿ ಖಾಲಿ. ತನ್ನ ಮರೆವಿಗೆ ತನಗೇ ನಗು ಬಂತಂತೆ. ತೆಗೆಯೋಣ ಅಂತ ಕೈ ಹಾಕಿದ.

ಟಕ್.

ಹೆಡ್‌ಸೆಟ್‌ನಲ್ಲಿ ಆ ಕಡೆಯವರು ಮಾತಾಡೋ ಮುಂಚೆ ಬರೋ ಸದ್ದು ಅದು. ಆಮೇಲೆ ಉಣ್ಣೆ ಬಟ್ಟೆ ಮೈಕಿಗೆ ಉಜ್ಜಿದ ಸರಸರ. ಆಮೇಲೆ ಪಿಸುಮಾತು.

"ನಾನು... ಒಂದು ಅಂತ ಹೇಳಿದ್ನಾ, ಮರಿ?"

ಅಣ್ಣ ಬಿದ್ದಂಬೀಳ ಓಡಿದ. ಒಂದು ಚಪ್ಪಲಿ ಅಲ್ಲೇ ಹೋಯ್ತು. ಆ ದನಿ ಅವನ ಜೊತೆ ಕೆಲಸ ಮಾಡ್ತಿದ್ದ ಮಫ್ಲರ್ ಮಾಮನದು. ಮಾಮ ಸತ್ತು ಐದು ತಿಂಗಳಾಗಿತ್ತು.

ಇವರಿಬ್ಬರ ಕೆಲಸ ಏನು ಅಂತ ಹೇಳಬೇಕು, ಇಲ್ಲದಿದ್ರೆ ಅರ್ಥ ಆಗಲ್ಲ. ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ದೊಡ್ಡ ಪರದೆ. ಎರಡಕ್ಕೂ ಬೇರೆ ಬೇರೆ ಪ್ರೊಜೆಕ್ಟರ್. ಸಭಾಂಗಣದ ಹಿಂಬದಿಯ ಮೇಜಿನ ಮೇಲೆ ಒಂದು ಪೆಟ್ಟಿಗೆ, ಅದರಲ್ಲಿ ಎರಡು ಸಾಲು ಬಟನ್. ಎಡ ಪರದೆಗೊಂದು ಸಾಲು, ಬಲಕ್ಕೊಂದು. ಒಂದು ಅಂದ್ರೆ ಕಂಪನಿ ಯಜಮಾನರ ಲ್ಯಾಪ್‌ಟಾಪ್. ಎರಡು, ಭಾಷಣ ಮಾಡೋರ ಮುಖ ಹಿಡಿಯೋ ಕ್ಯಾಮೆರಾ. ಮೂರು, ವಿಡಿಯೋ. ನಾಲ್ಕು, ವೇದಿಕೆಯಿಂದ ಜನರ ಕಡೆ ನೋಡೋ ಕ್ಯಾಮೆರಾ; ಅದನ್ನೇ ನಾಲ್ಕನೇ ಕ್ಯಾಮೆರಾ ಅನ್ನೋರು. ಮಾಮ ಮತ್ತು ಅಣ್ಣ ಪಕ್ಕಪಕ್ಕದಲ್ಲೇ ಕೂತಿದ್ರೂ ಮಾಮನದು ಒಂದೇ ಕಟ್ಟುನಿಟ್ಟು: ಅವರು ಹೆಡ್‌ಸೆಟ್‌ನಲ್ಲಿ "ಎಡ, ಎರಡು" ಅಂತ ಪಿಸುಗುಟ್ಟಬೇಕು, ಅಣ್ಣ ಅದನ್ನೇ ತಿರುಗಿ ಹೇಳಬೇಕು, ಆಮೇಲೇ ಒತ್ತೋದು. ಏಸಿ ಚಳಿಗೆ ಮಾಮ ಮೂಗಿನ ತನಕ ಮಫ್ಲರ್ ಸುತ್ಕೊಂಡು ಅದರೊಳಗಿಂದಲೇ ಮಾತಾಡೋರು.

ಹೋದ ವರ್ಷದ ಸಭೆ. ವಿಡಿಯೋ ಮುಗೀತಾ ಬಂತು, ಮಾಮ ಇನ್ನೂ ನಂಬರ್ ಹೇಳಿರಲಿಲ್ಲ. ಪರದೆ ಕಪ್ಪಗಾಗಿಬಿಡುತ್ತೆ ಅನ್ನೋ ಅವಸರಕ್ಕೆ ಅಣ್ಣ ಎರಡೂ ಸಾಲಲ್ಲಿ ಒಂದನೇ ಬಟನ್ ಒತ್ತಿಬಿಟ್ಟ. ಯಜಮಾನರು ಆಗ ಕೆಲಸದಿಂದ ತೆಗೆಯೋರ ಪಟ್ಟಿ ತೆರೆದಿಟ್ಕೊಂಡು ಕೂತಿದ್ರು. ಎರಡು ಪರದೆ ಮೇಲೂ ಹೆಸರುಗಳು. ಕೆಳಗೆ ಕುರ್ಚಿಗಳಲ್ಲಿ ಆ ಹೆಸರಿನವರೇ.

ಮ್ಯಾನೇಜರ್ ಇಬ್ಬರನ್ನೂ ಕರೆಸಿದ್ರು. ಅಣ್ಣನ ಕೆಲಸ ಖಾಯಂ ಆಗಿ ಒಂದೇ ತಿಂಗಳು. ನೆಲ ನೋಡ್ತಾ ಅಂದ, "ಅವರು ಒಂದು ಅಂದ್ರು ಸಾರ್. ನಾನು ಒತ್ತಿದೆ."

ಹೆಡ್‌ಸೆಟ್ ಮಾತು ಎಲ್ಲೂ ದಾಖಲಾಗಲ್ಲ. ನಾಲ್ಕನೇ ಕ್ಯಾಮೆರಾದ ರೆಕಾರ್ಡಿಂಗ್ ಹಾಕಿ ನೋಡಿದ್ರು. ಹಿಂದಿನ ಮೇಜು ಕಾಣ್ತಿತ್ತು, ಇಬ್ಬರೂ ಕಾಣ್ತಿದ್ರು. ಆದ್ರೆ ಮೂಗಿನ ತನಕ ಮಫ್ಲರ್... ತುಟಿ ಅಲ್ಲಾಡ್ತೋ ಇಲ್ಲವೋ, ಯಾರಿಗೆ ಗೊತ್ತು? ಮಾಮ ಜಗಳ ಆಡಲಿಲ್ಲ. ಅಣ್ಣನ ಮುಖ ಒಂದು ಗಳಿಗೆ ನೋಡಿ, "ಹೇಳಿದ್ರೂ ಹೇಳಿರಬಹುದು, ವಯಸ್ಸಾಯ್ತು" ಅಂದ್ರಂತೆ. ಇಪ್ಪತ್ತಾರು ವರ್ಷದ ಕೆಲಸ ಅವತ್ತಿಗೇ ಮುಗೀತು.

ಸರಿ, ಆ ಬಾವಿ ರಾತ್ರಿಯ ಮಾರನೇ ದಿನ. ಮಾಮನ ಜಾಗಕ್ಕೆ ಯಾರನ್ನೂ ತಗೊಂಡಿರಲಿಲ್ಲ, ಅಣ್ಣ ಒಬ್ಬನೇ; ಹೆಡ್‌ಸೆಟ್ ಮಾತ್ರ ರೂಢಿಗೆ ಕಿವಿಗೆ ಹಾಕ್ಕೊಂಡಿದ್ದ. ನಾಲ್ಕನೇ ಕ್ಯಾಮೆರಾ ಕೆಟ್ಟು, ಬಿಚ್ಚಿಟ್ಟು ಎಷ್ಟೋ ದಿನ ಆಗಿತ್ತು. ಅದರ ಕೇಬಲ್ ಸುರುಳಿ ಸುತ್ತಿ ಬೀರುವಿನಲ್ಲಿತ್ತು. ಯಜಮಾನರು ಭಾಷಣ ಶುರು ಮಾಡಿ ಹತ್ತು ನಿಮಿಷ... ಎಡ ಸಾಲಿನ ನಾಲ್ಕನೇ ಬಟನ್ ತಾನಾಗೇ ಕೆಂಪಗಾಯ್ತು.

ಎಡ ಪರದೆ ಒಂದು ಸಲ ಮಿಟುಕಿ, ಹಿಂದಿನ ಮೇಜು ಬಂತು. ಪಕ್ಕಪಕ್ಕ ಇಬ್ಬರು. ಒಬ್ಬರ ಮೂಗಿನ ತನಕ ಮಫ್ಲರ್. ಇನ್ನೊಬ್ಬನ ಬೆರಳು ಬಟನ್ ಮೇಲೆ.

ಅಣ್ಣ ಎಡಕ್ಕೆ ಎರಡು ಒತ್ತಿದ. ಯಜಮಾನರ ಮುಖ ಬಂತು. ಆದ್ರೆ ಮೇಜು ಬಲ ಪರದೆಗೆ ಹೋಗಿತ್ತು. ಬಲಕ್ಕೆ ಒಂದು ಒತ್ತಿದ. ಮೇಜು ಮತ್ತೆ ಎಡಕ್ಕೆ. ಟಪ್, ಟಪ್, ಟಪ್... ಇಲ್ಲಿ ಅಳಿಸಿದ್ರೆ ಅಲ್ಲಿ, ಅಲ್ಲಿ ಅಳಿಸಿದ್ರೆ ಇಲ್ಲಿ. ಜನ ಮೊದಲು ಗುಸುಗುಸು ಅಂದ್ರು, ಆಮೇಲೆ ನಗೋಕೆ ಶುರು ಮಾಡಿದ್ರು.

ಕಿವಿಯಲ್ಲಿ ಟಕ್. ಸರಸರ.

"ನಾನು ಒಂದು ಅಂತ ಹೇಳಿದ್ನಾ, ಮರಿ?"

ದನಿಯಲ್ಲಿ ಸಿಟ್ಟಿರಲಿಲ್ಲವಂತೆ. ಅದೇ ಅವನಿಗೆ ತಡ್ಕೊಳ್ಳೋಕೆ ಆಗದೇ ಹೋಗಿದ್ದು. ನಿಜವಾಗಲೂ ಗೊತ್ತಿಲ್ಲದೇ ಕೇಳೋರ ದನಿ.

"ಇಲ್ಲ ಮಾಮ," ಅಣ್ಣ ಪಿಸುಗುಟ್ಟಿದ. "ನೀವು ಏನೂ ಹೇಳಿರ್ಲಿಲ್ಲ. ನಾನೇ ಒತ್ತಿದ್ದು."

ಟಕ್... ಎರಡು ಪರದೆನೂ ಸರಿಹೋದ್ವು.

ಸಭೆ ಮುಗಿದ ಮೇಲೆ ಮ್ಯಾನೇಜರ್ ಹತ್ರ ಹೋಗಿ ಎಲ್ಲ ಒಪ್ಕೊಂಡ. ಅವರು ಬಾಗಿಲು ಮುಂದೆ ಮಾಡಿ ಅಂದ್ರು, "ಸತ್ತೋರು ಸತ್ರು. ಈಗ ಆ ಫೈಲ್ ತೆಗೆದ್ರೆ ನನ್ನ ಬುಡಕ್ಕೇ ಬರುತ್ತೆ. ಹೋಗು, ಕೇಬಲ್ ಚೆಕ್ ಮಾಡ್ಸು." ಒಬ್ಬ ಮನುಷ್ಯನ ಮರ್ಯಾದೆಗೆ ಅಲ್ಲಿ ಇದ್ದ ಬೆಲೆ ಅಷ್ಟೇ.

ಸಂಜೆ ನಾನೇ ಸ್ಕೂಟರಲ್ಲಿ ಅವನನ್ನ ಮಾಮನ ಮನೆಗೆ ಕರ್ಕೊಂಡು ಹೋದೆ. ಒಬ್ಬನೇ ಹೋಗೋ ಧೈರ್ಯ ಅವನಿಗೆಲ್ಲಿ? ಮಾಮನ ಹೆಂಡ್ತಿ ಒಬ್ಬರೇ ಇದ್ರು. ಒಂದು ರೂಮು, ಒಂದು ಅಡುಗೆಮನೆ. "ಅಕ್ಷರ ಚಿಕ್ಕದಾಗಿಬಿಟ್ಟಿದೆ, ದೊಡ್ಡದು ಮಾಡ್ಕೊಡು ತಾಯಿ" ಅಂತ ಅವರ ಫೋನು ನನ್ನ ಕೈಗೆ ಕೊಟ್ರು. ಅಣ್ಣ ನಿಂತೇ ಹೇಳಿದ. ಒಂದೂ ಬಿಡದೆ.

ಅತ್ತೆ ಬಯ್ಯಲಿಲ್ಲ. "ದಿನಾ ರಾತ್ರಿ ಎದ್ದು ಕೂತು ಕೇಳೋರು, 'ನಾನು ಒಂದು ಅಂತ ಹೇಳಿದ್ನೇನೇ' ಅಂತ. ನಾನೇನು ಅಲ್ಲಿದ್ನಾ? ಕೊನೇ ರಾತ್ರಿ ನನಗೂ ಸಾಕಾಗಿ, 'ಹೂಂ, ಹೇಳಿರ್ತೀರಿ, ಮಲಗಿ' ಅಂದ್ಬಿಟ್ಟೆ. ಮಲಗಿದೋರು ಏಳಲಿಲ್ಲ." ಎದ್ದು ಬಾಗಿಲು ತೆಗೆದು, "ನೀವಿನ್ನು ಹೊರಡಿ" ಅಂದ್ರು.

ಮೆಟ್ಟಿಲು ಇಳಿದು ಸ್ಕೂಟರ್ ಹತ್ರ ಬಂದ ಮೇಲೆ ನೋಡ್ತೀನಿ, ಅವರ ಫೋನು ನನ್ನ ಕೈಯಲ್ಲೇ ಇದೆ. ವಾಪಸ್ ಹತ್ತಿದೆ. ಬಾಗಿಲು ಹಾಕಿತ್ತು. ತಟ್ಟೋಕೆ ಕೈ ಎತ್ತಿದೆ... ಒಳಗೆ ಅತ್ತೆ ಪಿಸುಗುಟ್ತಿದ್ರು, ಆ ಕಡೆಯವರ ಮಾತು ಕೇಳಿಸ್ಕೊಳ್ಳೋರ ಹಾಗೆ ಮಧ್ಯೆ ಮಧ್ಯೆ ನಿಲ್ಲಿಸ್ತಾ.

"ಇಲ್ಲ ರೀ. ನೀವು ಹೇಳಿರ್ಲಿಲ್ಲ."

ಸುಮ್ಮನೆ...

"ಹೂಂ. ಅವನೇ ಬಂದು ಹೇಳಿ ಹೋದ."

ಸುಮ್ಮನೆ... ಈ ಸಲ ತುಂಬಾ ಹೊತ್ತು.

"ನನ್ನನ್ನ ಕ್ಷಮಿಸಿ ರೀ."

ನಾನು ಬಾಗಿಲು ತಟ್ಟಲಿಲ್ಲ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ಇದು ನಾನು ಕಿವಿಯಾರೆ ಕೇಳಿದ್ದು. ಆ ಮನೇಲಿ ಇದ್ದಿದ್ದು ಒಂದೇ ಫೋನು. ಅದು ನನ್ನ ಕೈಯಲ್ಲಿತ್ತು.