ನೊರೆಯ ಸೂತ್ರಕ್ಕೆ ಸನ್ಮಾನ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಊಟಕ್ಕೆ ಮುಂಚೆ ನನ್ನನ್ನು ಸಹಿಸಿಕೊಳ್ಳಲೇಬೇಕಾದ ಸಭಿಕರೇ,

ಸಮುದ್ರದ ಮೇಲಿನ ಗಾಳಿಯನ್ನು ಅಂತರಿಕ್ಷದಿಂದ ಅಳೆದವನೆಂದು ನನ್ನನ್ನು ಹೊಗಳಿದಿರಿ. ನಿಜ ಹೇಳಬೇಕೆಂದರೆ, ನಾನು ಅಳೆದದ್ದು ಬರೀ ಹೊಳಪನ್ನು. ಉಪಗ್ರಹದಿಂದ ಲೇಸರ್ ಕಿರಣ ಬಿಡುತ್ತೇವೆ. ನೀರು ಶಾಂತವಾಗಿದ್ದರೆ ಬೆಳಕು ಕನ್ನಡಿಗೆ ಬಡಿದಂತೆ ಜೋರಾಗಿ ವಾಪಸಾಗುತ್ತದೆ. ಅಲೆ ಎದ್ದರೆ ಚದುರಿ ಮಂಕಾಗುತ್ತದೆ. ಮಂಕಾದಷ್ಟೂ ಗಾಳಿ ಹೆಚ್ಚು. ಇಷ್ಟಕ್ಕೆ ಮೂವತ್ತು ವರ್ಷ ಬೇಕಿತ್ತೇ? ನನ್ನ ಹೆಂಡತಿಯೂ ಅದನ್ನೇ ಕೇಳುತ್ತಾಳೆ.

ನಮ್ಮ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ಗ್ರಾಫಿನ ಗೆರೆಗೆ ಒಗ್ಗದ ಚುಕ್ಕಿಗಳನ್ನೆಲ್ಲ ಉಪಕರಣದ ದೋಷವೆಂದು ಅಳಿಸಿಹಾಕುವುದು. ಪದ್ಧತಿ ಮಾಡಿದವನು ನಾನೇ. ಅಳಿಸುವ ಕೆಲಸಕ್ಕೆಂದೇ ಸೇರಿದ ಸಹಾಯಕಿ ಒಂದು ದಿನ ಹಾಳೆ ಹಿಡಿದು ಬಂದಳು.

"ಸರ್, ಇವು ತಪ್ಪಲ್ಲ. ಬಿರುಗಾಳಿಗೆ ನೊರೆ ಏಳತ್ತೆ, ನೊರೆ ಬೆಳ್ಳಗೆ ಹೊಳೆಯತ್ತೆ. ನಾವು ಬಿರುಗಾಳೀನೇ ತಂಗಾಳಿ ಅಂತ ಓದ್ತಿದೀವಿ."

"ನಿನ್ನ ಕೆಲಸ ಅಳಿಸೋದು ಕಣಮ್ಮ, ಯೋಚಿಸೋದಲ್ಲ" ಎಂದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನು ಆಗಲೂ ತಮಾಷೆಯ ಮನುಷ್ಯನೇ.

ಅವಳು ಬಿಡಲಿಲ್ಲ. ಎರಡು ವರ್ಷ ಕೂತು, ನೊರೆಯ ಹೊಳಪನ್ನು ಲೆಕ್ಕದಿಂದ ಕಳೆಯುವ ಸೂತ್ರ ಬರೆದು ತಂದಳು. ನಾನು ಅದನ್ನು ಆಮೂಲಾಗ್ರವಾಗಿ ಪರಿಷ್ಕರಿಸಿದೆ: ಎರಡು ಅಲ್ಪವಿರಾಮ ಸೇರಿಸಿದೆ. ಆ ಸೂತ್ರವನ್ನು ಪ್ರಕಟಿಸಿದ ನನ್ನ ಲೇಖನದಲ್ಲಿ ಅವಳ ಹೆಸರೇಕೆ ಇಲ್ಲ? ಜಾಗ ಸಾಲಲಿಲ್ಲ ಎಂದೆ. ಐವತ್ತೆರಡು ಪುಟದ ಲೇಖನ, ಸಭಿಕರೇ! ಅವಳ ಗುತ್ತಿಗೆ ಮುಂದುವರಿಸುವ ಕಾಗದಕ್ಕೂ ನಾನು ಸಹಿ ಹಾಕಲಿಲ್ಲ. ದಿನಾ ಅವಳ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ನಿನ್ನೆ ಅವಳೇ ಫೋನ್ ಮಾಡಿದ್ದಳು. "ನಾಳೆ ಬರ್ತೀನಿ ಸರ್. ನೀವು ಏನ್ ಹೇಳ್ತೀರಿ ಅಂತ ಒಂದ್ಸಲ ಕಿವಿಯಾರೆ ಕೇಳ್ಬೇಕು."

ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅವಳಿಗೆ ಹೇಳಬೇಕಾದ ಮಾತನ್ನು ಈ ಹಾಳೆಯಲ್ಲಿ ಬರೆದುಕೊಂಡೇ ಬಂದಿದ್ದೇನೆ. ಅದಕ್ಕೂ ಮುಂಚೆ, ಸಂಪ್ರದಾಯದಂತೆ, ನಿರ್ದೇಶಕರಿಗೆ, ಮಾಜಿ ನಿರ್ದೇಶಕರಿಗೆ, ಅವರ ಶ್ರೀಮತಿಯವರಿಗೆ, ಈ ಮೈಕು ಸರಿಮಾಡಿದವರಿಗೆ...

ಅಯ್ಯೋ, ಎದ್ದೆಯಾ? ಒಂದೇ ನಿಮಿಷ ಕಣಮ್ಮ! ಮುಂದಿನ ಮಾತು ನಿನ್ನದೇ!

ಹೋದಳು.

ಹಾಳೆಯಲ್ಲಿ ಇದ್ದದ್ದು ಇಷ್ಟೇ: ಈ ಸೂತ್ರ ನನ್ನದಲ್ಲ, ಅವಳದು. ಅವಳೇ ಇಲ್ಲದ ಮೇಲೆ ಇದನ್ನೆಲ್ಲ ಓದಿ ಏನು ಪ್ರಯೋಜನ? ಕೊಡಿ ಅಧ್ಯಕ್ಷರೇ, ಫಲಕ ಕೊಡಿ, ಫೋಟೋದವರು ಕಾಯುತ್ತಿದ್ದಾರೆ. ಕೊನೆಯವರೆಗೂ ಎದ್ದುಹೋಗದೆ ಕೂತ ನಿಮಗೆಲ್ಲ ಧನ್ಯವಾದ. ನಮಸ್ಕಾರ.